ಕೊಠಡಿಯ ಉಷ್ಣಾಂಶ

ಬಾಗಿಲು ತೆರೆದೊಡನೆ ಬಿಸಿಗಾಳಿ ಸಿಗ್ನೆಯ ಮುಖಕ್ಕೆ ರಪ್ಪನೆ ಬಡಿಯಿತು. ಗೋಡೆಯ ಉಷ್ಣಮಾಪಕದ ಮುಳ್ಳು ಮೂವತ್ತೈದರ ಮೇಲಿತ್ತು. ಬಡಗಣ ಚಳಿನಾಡಿನ ಉಮಿಯೋ ಊರಿನ ಆ ಪ್ರಯೋಗಾಲಯದಲ್ಲಿ ಇಪ್ಪತ್ತೇಳು ವರ್ಷ ದುಡಿದವಳು, ಅದು ಇಪ್ಪತ್ತೈದು ದಾಟಿದ್ದನ್ನೇ ಕಂಡಿರಲಿಲ್ಲ. ಹೆಗಲ ಚೀಲವನ್ನೂ ಇಳಿಸದೆ ಮೇಜಿನತ್ತ ಓಡಿದಳು.

ಅಲ್ಲಿದ್ದದ್ದು ಹಣ್ಣುನೊಣಗಳ ಗಾಜಿನ ನಳಿಕೆಗಳು. ಆ ತಳಿ ಜಗತ್ತಿನಲ್ಲಿ ಬೇರೆಲ್ಲೂ ಇರಲಿಲ್ಲ. ಹದಿನೈದು ದಿನಕ್ಕೊಮ್ಮೆ ಹಳೆಯ ನಳಿಕೆಯಿಂದ ಹೊಸ ಆಹಾರದ ನಳಿಕೆಗೆ ದಾಟಿಸುತ್ತ, ಜ್ವರ ಬಂದಾಗಲೂ ತಪ್ಪಿಸದೆ, ಸಿಗ್ನೆಯೇ ಅದನ್ನು ಕಾಪಾಡಿಕೊಂಡು ಬಂದಿದ್ದಳು. ಒಂದು ಹಾಳಾದರೂ ಇನ್ನೊಂದು ಉಳಿಯಲೆಂದು ಒಂದು ಸಾಲು ಇಲ್ಲಿ, ಇನ್ನೊಂದು ಕೆಳಮಹಡಿಯ ತಂಪುಪೆಟ್ಟಿಗೆಯಲ್ಲಿ ಇರಬೇಕೆಂಬುದು ಅವಳೇ ಮಾಡಿದ ಕಟ್ಟಳೆ. ಮಧ್ಯಬೇಸಿಗೆಯ ಹಬ್ಬದ ಮುನ್ನಾದಿನ ಪೆಟ್ಟಿಗೆ ಕೆಟ್ಟಿತ್ತು. ನಾಲ್ಕೇ ದಿನ ತಾನೇ ಎಂದು ಎರಡೂ ಸಾಲನ್ನು ಇದೇ ಮೇಜಿನ ಮೇಲಿಟ್ಟು, 'ಕೊಠಡಿಯ ಉಷ್ಣಾಂಶ' ಎಂದು ಚೀಟಿ ಬರೆದು, ಊರಿನವರೆಲ್ಲರಂತೆ ಅವಳೂ ಕಡಲಂಚಿನ ಬೇಸಿಗೆಮನೆಗೆ ಹೆರಿಂಗ್ ಮೀನು, ಹೊಸ ಆಲೂಗಡ್ಡೆ ತಿನ್ನಲು ಹೋಗಿದ್ದಳು. ಕೊಠಡಿ ಎಂದರೆ ಇಪ್ಪತ್ತೊಂದು. ಅದನ್ನೂ ಯಾರಾದರೂ ಬರೆದಿಡುತ್ತಾರೆಯೇ?

ಕಟ್ಟಡ ನೋಡಿಕೊಳ್ಳುವ ತೂರೆ ಬಂದು ತಲೆ ಕೆರೆದುಕೊಂಡ. ಹಬ್ಬದ ರಜೆಗೆ ಗಾಳಿಯಂತ್ರ ನಿಲ್ಲಿಸುವುದು ಪ್ರತಿ ವರ್ಷದ ಪದ್ಧತಿ, ಈ ಸಲದ ಬಿಸಿಲನ್ನು ತಾನು ಕೇಳಿ ತರಿಸಿದ್ದಲ್ಲ ಎಂದ. ಅವನದೂ ತಪ್ಪಿರಲಿಲ್ಲ.

"ನೊಣ ಬದುಕಿಯೇ ಇವೆಯಲ್ಲ ಸಿಗ್ನೆ. ಹಾರ್ತಿವೆ ನೋಡು."

ಹಾರುತ್ತಿದ್ದವು, ನಿಜ. ಮರಿಹುಳುಗಳೆಲ್ಲ ಕಪ್ಪಾಗಿ ಸತ್ತು, ಮೂವತ್ತೆರಡು ದೊಡ್ಡ ನೊಣಗಳು ಮಾತ್ರ ಉಳಿದಿದ್ದವು. ಆದರೆ ಅಷ್ಟು ಬಿಸಿ ತಗುಲಿದ ಗಂಡುನೊಣ ಸಂತಾನಶಕ್ತಿ ಕಳೆದುಕೊಳ್ಳುತ್ತದೆ. ಅದು ಸಿಗ್ನೆಗೆ ಗೊತ್ತಿತ್ತು, ತೂರೆಗೆ ಗೊತ್ತಿರಲಿಲ್ಲ.

ನಾಲ್ಕು ವರ್ಷದಿಂದ ಇದೇ ತಳಿಯ ಮೇಲೆ ಸಂಶೋಧನೆ ಮಾಡುತ್ತಿದ್ದ ಹೆಡ್ವಿಗ್ ಸಂಜೆ ಬಂದಳು. ಬೈಯಲಿಲ್ಲ. ಬೈದಿದ್ದರೆ ಸಿಗ್ನೆಗೆ ಹಗುರಾಗುತ್ತಿತ್ತು. ಮೊಟ್ಟೆಯೊಡೆದು ಹುಳು ಕಾಣಲು ಐದು ದಿನ ಬೇಕೆಂದು ಲೆಕ್ಕ ಹಾಕಿ, ಇಬ್ಬರೂ ನೊಣಗಳನ್ನು ಹೊಸ ಆಹಾರಕ್ಕೆ ದಾಟಿಸಿದರು.

ಐದು ದಿನ ಕಳೆಯಿತು, ಹತ್ತೂ ಕಳೆಯಿತು. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಹೇಳುವವರು ಹೇಳಬಹುದು. ಸಿಗ್ನೆಗೆ ಚಿಂತೆಯ ಹೊರತು ಬೇರೆ ಕೆಲಸ ಉಳಿದಿರಲಿಲ್ಲ. ಮೊಟ್ಟೆಗಳು ಒಡೆಯದೆ ಹಳದಿಗಟ್ಟಿದವು. ನೊಣಗಳು ಒಂದೊಂದೇ ಉದುರಿ ಏಳಕ್ಕಿಳಿದವು.

"ಏನೂ ಮಾಡೋಕೆ ಆಗಲ್ವಾ?" ಹೆಡ್ವಿಗ್ ಮೆಲ್ಲಗೆ ಕೇಳಿದಳು.

"ಆಗಲ್ಲ ಕಣೇ."

ಹದಿನೈದನೆಯ ದಿನ ಬೆಳಗ್ಗೆ ಉಷ್ಣಮಾಪಕ ಸರಿಯಾಗಿ ಇಪ್ಪತ್ತೊಂದು ತೋರಿಸುತ್ತಿತ್ತು. ಸಿಗ್ನೆ ಹೊಸ ನಳಿಕೆಗೆ ಆಹಾರ ತುಂಬಿ, ಉಳಿದ ಮೂರು ನೊಣಗಳನ್ನು ದಾಟಿಸಿ, ಎಂದಿನಂತೆ ತಾರೀಖು ಬರೆದಳು. ಒಳಗೆ ಒಂದು ಗಂಡು, ಒಲಿಸಿಕೊಳ್ಳಲು ಅವು ಮಾಡುವಂತೆ, ಒಂದೇ ರೆಕ್ಕೆಯನ್ನು ಬಿಚ್ಚಿ ನಡುಗಿಸುತ್ತ ಹೆಣ್ಣಿನ ಸುತ್ತ ಸುತ್ತುತ್ತಿತ್ತು.