ಅಮ್ಮನ ಮರದ ಬೋಗುಣಿ

ಚರ್ಚಿಗೆ ಹಾಕಿಕೊಂಡು ಹೋಗುವ ಬಿಳಿ ಕೈಗವಸಿಗೆ ಆರ್ಜೆಲ್ಲಾ ಇಸ್ತ್ರಿ ಹಾಕುತ್ತಿದ್ದಳು. ಎಡಗೈಯದು ಮುಗಿಸಿ ಬಲಗೈಯದಕ್ಕೆ ನೀರು ಚಿಮುಕಿಸುವಷ್ಟರಲ್ಲಿ ಗೆಳತಿ ಹ್ಯಾಟಿ ಬಾಗಿಲಲ್ಲೇ ಬಂದು ನಿಂತಳು.

"ಇನ್ನೂ ಇಸ್ತ್ರೀನೇ? ನಾಳೆ ದೇವರು ನಿನ್ನ ಕೈ ನೋಡ್ತಾನೋ, ಮನಸ್ಸು ನೋಡ್ತಾನೋ?"

"ಮನಸ್ಸು ಸುಕ್ಕಾಗಿದೆ ಕಣೇ, ಕೈಯಾದ್ರೂ ನೆಟ್ಟಗಿರಲಿ."

ಕೈಗವಸು ಇಡಲು ಖಾನೆ ಎಳೆದಾಗ ಎಂದಿನಂತೆ ಆ ಲಕೋಟೆ ಕಣ್ಣಿಗೆ ಬಿತ್ತು. ಡೆಟ್ರಾಯಿಟಿನಲ್ಲಿರುವ ಅಕ್ಕ ವಿಲ್ಲೋಡೀನಳಿಗೆ ಬರೆದದ್ದು. ವಿಳಾಸ, ಅಂಚೆಚೀಟಿ ಎಲ್ಲ ಇತ್ತು. ಹತ್ತೊಂಬತ್ತು ವರ್ಷದಿಂದ ಅಲ್ಲೇ ಇತ್ತು. ಅಮ್ಮನನ್ನು ಮಣ್ಣು ಮಾಡಿದ ದಿನ ಅಮ್ಮ ಹಿಟ್ಟು ಕಲಸುತ್ತಿದ್ದ ಮರದ ಬೋಗುಣಿ ಕಾಣೆಯಾಗಿ, "ಅಕ್ಕನೇ ಕದ್ದಳು" ಎಂದು ಆರ್ಜೆಲ್ಲಾ ನಾಲ್ಕು ಜನರೆದುರು ಅಂದುಬಿಟ್ಟಿದ್ದಳು. ಅಕ್ಕ ಅಂದು ಹೋದವಳು ಮತ್ತೆ ಬರಲಿಲ್ಲ. ಅವಳು ಒಪ್ಪಿಕೊಳ್ಳುವ ತನಕ ಕಾಗದ ಹಾಕಬಾರದೆಂದು ಇವಳ ಹಟ. ಅಕ್ಕನಿಗೀಗ ಎಂಬತ್ತೊಂದು. ಕಣ್ಣು ಮಂಜಾಗಿದೆಯಂತೆ.

ಹಿಂದೆ ನೆರೆಯಲ್ಲಿದ್ದ ಕ್ಲಿಯೋರಾಳ ಮೊಮ್ಮಗಳು ರೊಶೆಲ್ ಈ ಬೇಸಿಗೆಯಲ್ಲಿ ಮೊಬೀಲ್ ಪೇಟೆಯಿಂದ ಬಂದು ಹಳೇ ಪೆಟ್ರೋಲ್ ಬಂಕನ್ನೇ ಊಟದಂಗಡಿ ಮಾಡಿದ್ದಳು. ಅಲ್ಲಿನ ಬಿಸಿಬಿಸಿ, ಬನ್ನಿನಂಥ ಮೆತ್ತನೆಯ ಬಿಸ್ಕತ್ತಿಗೆ ಮೂರು ಊರಿನ ಜನ ಬರುತ್ತಿದ್ದರು. ಹ್ಯಾಟಿ ಇವಳನ್ನು ಕಾರಿನಲ್ಲಿ ಕೂರಿಸಿಕೊಂಡು ಅಲ್ಲಿಗೇ ಹೋದಳು. ಕಿಟಕಿಯ ಬಿಸಿಲಲ್ಲಿ ಹಿಟ್ಟಿನ ಪುಡಿ ಚಿನ್ನದ ಧೂಳಿನಂತೆ ತೇಲುತ್ತಿತ್ತು. ಎಲ್ಲರ ಮಾತೂ ದೂರದ ಹೊಳೆಯಂತೆ ಕೇಳಿಸುತ್ತಿತ್ತು. ಹಂದಿ ಮಾಂಸ ಹಾಕಿ ಬೇಯಿಸಿದ ಸೊಪ್ಪು, ಬೆಣ್ಣೆ ಕರಗುವ ಮೆಕ್ಕೆಜೋಳದ ಗಂಜಿ, ಕಾಕಂಬಿ ಎಲ್ಲ ಬಂದವು. ಕೊನೆಗೆ ಬಿಸ್ಕತ್ತು ಬಂತು: ಎರಡು ಬೆರಳು ದಪ್ಪ, ಒಂದಕ್ಕೊಂದು ಒರಗಿಕೊಂಡೇ ಉಬ್ಬಿದ್ದವು.

ಆರ್ಜೆಲ್ಲಾ ಒಂದನ್ನು ಬಿಡಿಸಿದಳು. ಮಜ್ಜಿಗೆಯ ಹುಳಿ ಬೆರೆತ ಹಬೆ ಮುಖಕ್ಕೆ ಬಡಿಯಿತು. ಒಂದು ತುತ್ತು, ಅಷ್ಟೇ. ಅವಳಿಗೆ ಮತ್ತೆ ಏಳು ವರ್ಷ. ಸ್ಟೂಲಿನ ಮೇಲೆ ಅಕ್ಕನ ಸೊಂಟ ಹಿಡಿದು ನಿಂತಿದ್ದಾಳೆ. ಮೊಣಕೈವರೆಗೂ ಬಿಳಿಯಾದ ಅಮ್ಮ ಹೇಳುತ್ತಿದ್ದಾಳೆ, "ಕತ್ತರಿಸೋ ಅಚ್ಚು ತಿರುವಬೇಡ ಕಣೇ, ನೆಟ್ಟಗೆ ಒತ್ತು. ತಿರುವಿದ್ರೆ ಬಿಸ್ಕತ್ತು ಮುನಿಸಿಕೊಂಡು ಮೇಲೇಳೋದೇ ಇಲ್ಲ."

"ಏನೇ, ಕೂತಲ್ಲೇ ಸ್ವರ್ಗಕ್ಕೆ ಹೋದ್ಯಾ? ನನ್ನ ಬಿಟ್ಟು?" ಹ್ಯಾಟಿ ಅಂದಳು.

ಆರ್ಜೆಲ್ಲಾ ನಿದ್ದೆಗಣ್ಣಲ್ಲಿ ನಡೆಯುವವಳಂತೆ ಎದ್ದು ಅಡುಗೆಮನೆ ಬಾಗಿಲಿಗೆ ಹೋದಳು. ರೊಶೆಲ್ ಹಿಟ್ಟು ಕಲಸುತ್ತಿದ್ದಳು. ಅಂಚಿನ ಬಿರುಕಿಗೆ ತಂತಿ ಹೊಲಿದಿದ್ದ ಮರದ ಬೋಗುಣಿ. ಆ ತಂತಿ ಹೊಲಿದದ್ದು ಆರ್ಜೆಲ್ಲಾಳ ಅಪ್ಪ.

"ಇದು ಎಲ್ಲಿತ್ತು ಮಗಳೇ?"

"ನಮ್ಮಜ್ಜೀದು, ಮಿಸ್ ಆರ್ಜೆಲ್ಲಾ. ತಳದಲ್ಲಿ ಹೆಸರೇ ಇದೆ, ನೋಡಿ."

ಹಿಟ್ಟು ಆಚೆಗಿಟ್ಟು ಬೋರಲು ಹಾಕಿದಳು. ಹಳದಿಗಟ್ಟಿದ ಕಾಗದದ ಅಂಟುಪಟ್ಟಿ. 'ಕ್ಲಿಯೋರಾ.' ಅಕ್ಷರ ಆರ್ಜೆಲ್ಲಾಳದೇ.

ಸಾವಿನ ಮನೆಗೆ ಊರವರು ಅಡುಗೆ ತರುವಾಗ, ಪಾತ್ರೆ ವಾಪಸು ಬರಲೆಂದು ತಳಕ್ಕೆ ತಮ್ಮ ಹೆಸರು ಅಂಟಿಸಿರುತ್ತಾರೆ. ಅಂದು ಅತ್ತು ಅತ್ತು ಕಣ್ಣು ಕಾಣದ ಆರ್ಜೆಲ್ಲಾ, ಉಳಿದ ಅಡುಗೆಯನ್ನು ಕೈಗೆ ಸಿಕ್ಕ ಪಾತ್ರೆಗಳಲ್ಲಿ ತುಂಬಿ, ಯಾರಿಗೆ ಕೊಡಬೇಕೋ ಅವರ ಹೆಸರು ಅಂಟಿಸಿ ಕಳಿಸಿದ್ದಳು. ಅದನ್ನೇ ಈಗ ರೊಶೆಲ್‌ಗೆ ಹೇಳಿದಳು.

"ಅಯ್ಯೋ! ಅದಕ್ಕೇ ಅಜ್ಜಿ, ಖಾಲಿ ಪಾತ್ರೆ ಹೇಗೆ ವಾಪಸು ಕೊಡೋದು, ತುಂಬಿಸಿ ಕೊಡ್ತೀನಿ ಅಂತಿದ್ಲು," ರೊಶೆಲ್ ಬಾಯಿಗೆ ಕೈ ಇಟ್ಟಳು. "ಆ ಚಳಿಗಾಲದಲ್ಲೇ ತೀರಿಹೋಗ್ಬಿಟ್ಲು. ಸಾಮಾನೆಲ್ಲ ಮೊಬೀಲಿಗೆ ಬಂತು. ಹೆಸರು ನೋಡಿ ನಾವು ನಮ್ಮದೇ ಅಂದ್ಕೊಂಡ್ವಿ."

ಅವಳು ಬೋಗುಣಿ ತೊಳೆದು ಒರೆಸಿದಳು. ಅದರ ತುಂಬ ಬಿಸಿ ಬಿಸ್ಕತ್ತು ಜೋಡಿಸಿ, ಬಟ್ಟೆ ಮುಚ್ಚಿ ಕೊಟ್ಟಳು.

ದಾರಿಯುದ್ದಕ್ಕೂ ಬೋಗುಣಿ ಆರ್ಜೆಲ್ಲಾಳ ತೊಡೆಯ ಮೇಲೆ ಮಗುವಿನಂತೆ ಬೆಚ್ಚಗೆ ಕೂತಿತ್ತು. ಹತ್ತಿಯ ಹೊಲಗಳು ಮೋಡದಂತೆ ಹಿಂದೆ ಸರಿದವು.

"ಅಕ್ಕನ್ನ ಕಳ್ಳಿ ಅಂದಿದ್ದೆ ನೀನು," ಹ್ಯಾಟಿ ಮೆಲ್ಲಗೆ ಅಂದಳು.

"ಗೊತ್ತು. ನೆನಪಿಸಬೇಡ."

"ಇನ್ಯಾರು ನೆನಪಿಸ್ಬೇಕು?"

ಮನೆಗೆ ಬಂದು ಲಕೋಟೆ ಒಡೆದಳು. 'ಊರಿಗೆ ಬಾ. ನಿನ್ನನ್ನು ಕ್ಷಮಿಸಿದ್ದೇನೆ' ಎಂದಿತ್ತು. ಎರಡನೇ ಸಾಲು ಓದಿ ಅವಳ ಕಿವಿ ಬಿಸಿಯಾಯಿತು. ಅದನ್ನು ಹೊಡೆದುಹಾಕಿ, ಅಕ್ಕನ ಮಂಜುಗಣ್ಣಿಗೂ ಕಾಣುವಷ್ಟು ದೊಡ್ಡದಾಗಿ ಬರೆದಳು: 'ನನ್ನನ್ನು ಕ್ಷಮಿಸು. ಬೋಗುಣಿ ನಾನೇ ಕೊಟ್ಟುಬಿಟ್ಟಿದ್ದೆ.'

ಹೊಸ ಲಕೋಟೆಗೆ ಹಾಕಿ, ಬೇಲಿಯ ಅಂಚೆಪೆಟ್ಟಿಗೆಯಲ್ಲಿಟ್ಟು, ಒಯ್ಯಬೇಕಾದ ಕಾಗದ ಇದೆಯೆಂದು ಅಂಚೆಯವನಿಗೆ ತಿಳಿಸುವ ಪಕ್ಕದ ಕೆಂಪು ತಗಡಿನ ಬಾವುಟ ಎತ್ತಿದಳು. ಅಂಚೆಯವನ ಗಾಡಿ ಬಂದು, ಕಾಗದ ತೆಗೆದುಕೊಂಡು, ಬಾವುಟ ಇಳಿಸಿ ಹೋಗುವವರೆಗೂ ಬೋಗುಣಿ ಅವಚಿಕೊಂಡು ಅಲ್ಲೇ ನಿಂತಿದ್ದಳು.