ಎಡಗಡೆಯ ಕುರ್ಚಿ

ನೊರೆ ಒಣಗುತ್ತಿದೆ, ಡ್ರೈವರ್‌ನ ಕೆನ್ನೆಯ ಮೇಲೆ ಗುಳ್ಳೆಗಳು ಒಡೆಯುವ ಸಣ್ಣ ಸದ್ದು ನನಗೆ ಕೇಳುತ್ತದೆ, ಜೀವಮಾನವೆಲ್ಲ ಕಟಿಂಗ್ ಶಾಪಿನಲ್ಲಿ ಕಳೆದವನ ಕಿವಿ ಇದು, ತಲೆಯೊಳಗೆ ಏನೇ ಕೆಟ್ಟಿರಲಿ ಕಿವಿ ನೆಟ್ಟಗಿದೆ — ಅದಕ್ಕೇ ಹೇಳುತ್ತಿದ್ದೇನೆ, ಬೆಳಿಗ್ಗೆ ನನ್ನನ್ನು ಈ ಲೈಬ್ರರಿಯ ಮಹಡಿ ಹತ್ತಿಸಿ ಕೂರಿಸಿದ ಮೇಲೆ ಎಡಗಡೆ ಕುರ್ಚಿ ಎಳೆದ ಸದ್ದಾಯಿತು, ಅಂದರೆ ನನ್ನ ಹೆಂಡತಿ ಕೂತಿದ್ದಾಳೆ, ಕೂತೇ ಇದ್ದಾಳೆ, ಹೋಗಿಲ್ಲ, ತಿರುಗಿ ನೋಡಿದರೆ ತಾನೇ ಅನುಮಾನ, ನಾನು ತಿರುಗುವುದಿಲ್ಲ. ತಲೆಗೆ ಪೆಟ್ಟು ಬಿದ್ದವರ ಕೂಟ ಇದು, ವಾರಕ್ಕೊಬ್ಬರು ತಾವು ಮತ್ತೆ ಕಲಿತದ್ದನ್ನು ಉಳಿದವರಿಗೆ ಮಾಡಿ ತೋರಿಸಬೇಕು, ಹೋದ ವಾರ ಈ ಡ್ರೈವರ್, ಮಾತು ಸಿಗದೆ ಹೋದರೆ ಕೈಯಲ್ಲಿ ಹೇಳುವುದು ಹೇಗೆ ಅಂತ ತೋರಿಸಿದ, ಇವತ್ತು ನನ್ನ ಸರದಿ, ಬ್ಲೇಡಿಲ್ಲದ ರೇಜರಿನಲ್ಲಿ ಅವನ ಪೂರ್ತಿ ಮುಖದ ನೊರೆ ತೆಗೆಯಬೇಕು. ಪೂರ್ತಿ. ಅದೇ ನನ್ನ ಕೈಲಾಗದ್ದು. ಅಂಗಡಿಯ ಬೋರ್ಡು ಒರೆಸಲು ಏಣಿ ಹತ್ತಿ ಬಿದ್ದ ಮೇಲೆ ಎಡಗಡೆ ಅನ್ನುವುದು ಕತ್ತಲಾಗಿಲ್ಲ, ಮಸುಕಾಗಿಲ್ಲ, ಇಲ್ಲವೇ ಇಲ್ಲ, ಅಲ್ಲೊಂದು ಕಡೆ ಇದೆ ಅನ್ನುವುದೇ ನೆನಪಿಗೆ ಬರುವುದಿಲ್ಲ — ಅನ್ನ ಇಷ್ಟೇನಾ ಅಂತ ರೇಗಿದ್ದೆ, ಅವಳು ತಟ್ಟೆ ತಿರುಗಿಸಿದಳು, ಅರ್ಧ ತಟ್ಟೆ ಅನ್ನ ಎಲ್ಲಿಂದಲೋ ಬಂತು. ಹಟ ಹಿಡಿದು ಅಂಗಡಿ ತೆಗೆದ ದಿನ ಬಂದ ಗಿರಾಕಿಗೆ ಒಂದೇ ಕೆನ್ನೆ ಬೋಳಿಸಿ, ಬಟ್ಟೆ ಕೊಡವಿ, ಆಯ್ತು ಸಾರ್ ಅಂದೆ, ಅವರು ಕನ್ನಡಿ ನೋಡಿ ತಮಾಷೆ ಅಂತ ನಕ್ಕರು, ನನ್ನ ಮುಖ ನೋಡಿ ನಗು ನಿಲ್ಲಿಸಿದರು, ಮತ್ತೆ ನಾನು ಶಟರ್ ಎತ್ತಲಿಲ್ಲ.

ಕೆಂಪು ಟೇಪು ಈ ಕೂಟ ನಡೆಸುವ ಟೀಚರಮ್ಮನ ಉಪಾಯ, ಪ್ರತಿ ವಸ್ತುವಿನ ಎಡತುದಿಗೆ ಅಂಟಿಸಿ, ಅದು ಕಾಣೋವರೆಗೂ ತಲೆ ತಿರುಗಿಸ್ತಾ ಹೋಗಿ. ಈಗ ಮನೆಯಲ್ಲಿ ತಟ್ಟೆಗೆ, ಬಾಗಿಲಿಗೆ, ಮಂಚಕ್ಕೆ ಎಲ್ಲೆಲ್ಲೂ ಕೆಂಪು ಟೇಪು, ಮೊದಮೊದಲು ಅವಳಿಗೆ ಅದೊಂದು ಆಟವಾಗಿತ್ತು, ತನ್ನ ಬೂದುಬಣ್ಣದ ಸ್ವೆಟರಿನ ತೋಳಿಗೂ ಒಂದು ತುಂಡು ಅಂಟಿಸಿಕೊಂಡಿದ್ದಳು, ನಾನೂ ನಿಮ್ಮ ಎಡಗಡೆಯವಳೇ ಕಣ್ರೀ, ಹುಡುಕಿ ನೋಡೋಣ — ಎಷ್ಟು ನಗುತ್ತಿದ್ದಳು ಆಗ. ಆಮೇಲೆ ನಗು ಹೋಯಿತು, ಟೇಪು ಉಳಿಯಿತು. ಇವತ್ತು ಬೆಳಿಗ್ಗೆ ನನ್ನ ಅಂಗಿಯ ಗುಂಡಿ ಹಾಕುತ್ತ, ತಲೆ ಎತ್ತದೆ, ನಿಮ್ಮನ್ನ ಕೂಟಕ್ಕೆ ಬಿಟ್ಟು ಅಕ್ಕನ ಮನೆಗೆ ಹೋಗ್ತೀನಿ ರೀ, ಸಂಜೆ ನಿಮ್ಮ ತಮ್ಮ ಬಂದು ಕರ್ಕೊಂಡು ಹೋಗ್ತಾನೆ, ನನಗೆ ಸಾಕಾಗಿದೆ ಅಂದಳು. ಎಷ್ಟು ದಿನಕ್ಕೆ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ, ಕೇಳಿದರೆ ಹೇಳಿಬಿಡುತ್ತಾಳಲ್ಲ. ಆದರೂ ಕುರ್ಚಿ ಎಳೆದ ಸದ್ದಾಯಿತಲ್ಲ, ಹೋಗುವವಳು ಕುರ್ಚಿ ಯಾಕೆ ಎಳೆಯಬೇಕು, ಮನಸ್ಸು ಬದಲಾಗಿರಬೇಕು, ನನ್ನನ್ನೇ ನೋಡುತ್ತ ಕೂತಿರಬೇಕು, ಮಾತಾಡುವುದಿಲ್ಲ, ಕೋಪ ಬಂದರೆ ಅವಳು ಹಾಗೇ.

ನನ್ನ ಬಲಕ್ಕಿರುವ ಕೆನ್ನೆ ಮುಗಿಯಿತು, ಗದ್ದ ಮುಗಿಯಿತು, ರೇಜರು ಮೂಗಿನ ಕೆಳಗೆ ಬಂದು ನಿಂತಿದೆ, ಟೀಚರಮ್ಮ ಮೆಲ್ಲಗೆ, ಟೇಪ್ ಹುಡುಕಿ, ನಿಧಾನಕ್ಕೆ, ಅನ್ನುತ್ತಾರೆ. ಗೊತ್ತು ತಾಯಿ, ಕಲಿಸಿದ್ದನ್ನು ಮರೆತಿಲ್ಲ, ಆದರೆ ಇವನ ಇನ್ನೊಂದು ಕೆನ್ನೆಗೆ ತಿರುಗಿದ ಕಣ್ಣು ಅಲ್ಲಿಗೇ ನಿಲ್ಲುತ್ತದೆಯೇ, ಅದರ ಪಕ್ಕದಲ್ಲೇ ಅವಳ ಕುರ್ಚಿ ಇದೆಯಲ್ಲ, ತಿರುಗದಿದ್ದರೆ ಅವಳು ಅಲ್ಲಿದ್ದಾಳೆ, ನನಗೆ ಭಯವಾಗುತ್ತಿದೆ. ಅಣ್ಣ, ಅನ್ನುತ್ತಾನೆ ಡ್ರೈವರ್, ಮಾತು ಹುಡುಕುತ್ತಾನೆ, ಇನ್ನೊಂದು... ಇನ್ನೊಂದು... ಸಿಗದೆ ನನ್ನ ಗದ್ದ ಹಿಡಿದು ಮಗುವಿನ ಮುಖ ತಿರುಗಿಸುವ ಹಾಗೆ ಎಡಕ್ಕೆ ತಿರುಗಿಸುತ್ತಾನೆ — ನೊರೆ, ಕಿವಿ, ಅವನ ಕುರ್ಚಿಯ ಕೈಗೆ ಅಂಟಿಸಿದ ಕೆಂಪು ಟೇಪು, ಅಲ್ಲಿಗೆ ಸಾಕು, ಸಾಕು, ಆದರೆ ಕಣ್ಣು ನಿಲ್ಲದೆ ದಾಟಿಹೋಗುತ್ತದೆ, ಇನ್ನೊಂದು ಕುರ್ಚಿ, ಖಾಲಿ, ಅದರ ಬೆನ್ನಿಗೂ ಒಂದು ತುಂಡು ಕೆಂಪು ಟೇಪು, ಈ ಕುರ್ಚಿಗೆ ಯಾರೂ ಟೇಪು ಅಂಟಿಸಿರಲಿಲ್ಲ, ಮುದುಡಿದ ಹಳೇ ತುಂಡು, ಬೆರಳಲ್ಲಿ ಒತ್ತಿ ಒತ್ತಿ ಅಂಟಿಸಿದ್ದು, ತುದಿ ಮೇಲೆದ್ದಿದೆ, ಅಲ್ಲಿ ಬೂದುಬಣ್ಣದ ಉಣ್ಣೆಯ ಎಳೆ, ಕೆಂಪು ಟೇಪು, ಬೂದು ಉಣ್ಣೆ, ಕೆಂಪು ಟೇಪು