ಉತ್ತರದ ಬಾಗಿಲು

ಈಸ್ಟರಿಗೆ ಒಂದು ವಾರ ಮೊದಲು, ಗರಿಗಳ ಭಾನುವಾರದ ಪೂಜೆ ಮುಗಿದು ಜನ ಹೊರಗೆ ಬರುವಷ್ಟರಲ್ಲಿ ಚರ್ಚಿನ ಮುಂಬಾಗಿಲ ಮೇಲಿನ ಕಮಾನಿನಲ್ಲಿ ಹೆಜ್ಜೇನು ಬಂದು ಕೂತಿತ್ತು. ಮಂಗಳವಾರಕ್ಕೆ ಅದು ಮೊರದಷ್ಟು ಅಗಲವಾಗಿ, ಕಪ್ಪಗೆ, ಆಗಾಗ ಮೈ ಕೊಡವಿಕೊಳ್ಳುತ್ತ ಜೋತುಬಿದ್ದಿತ್ತು.

ಸಾರಮ್ಮನಿಗೆ ಹೆದರಿಕೆಗಿಂತ ಮೊದಲು ಸಿಟ್ಟು ಬಂತು. ನೆಲ್ಯಾಡಿಯಿಂದ ಆರು ಕಿಲೋಮೀಟರ್ ಒಳಗಿರುವ ಈ ಚರ್ಚಿಗೆ ಈಸ್ಟರ್ ದಿನ ಕೇರಳದಿಂದ ನಲವತ್ತಮೂರು ಮಂದಿ ಬರುವವರಿದ್ದರು. ಎಪ್ಪತ್ತು ವರ್ಷಗಳ ಹಿಂದೆ ಇಲ್ಲಿಗೆ ಬಂದು ಕಾಡು ಕಡಿದು ನೆಲೆ ನಿಂತ ಮೊದಲ ಹನ್ನೊಂದು ಕುಟುಂಬಗಳ ಮೂಲ ಊರಿನವರು. ಮದುವೆಗೋ ಮಣ್ಣಿಗೋ ಒಬ್ಬಿಬ್ಬರು ಬಂದು ಹೋದದ್ದುಂಟು, ಊರಿಗೆ ಊರೇ ಬಸ್ಸು ಮಾಡಿಕೊಂಡು ಬರುತ್ತಿರುವುದು ಇದೇ ಮೊದಲು. ಮೂವತ್ತೆರಡು ವರ್ಷ ಅಂಗನವಾಡಿ ನಡೆಸಿ ನಿವೃತ್ತಳಾದ ಸಾರಮ್ಮನಿಗೆ ಫಾದರ್ ಸ್ವಾಗತದ ಕೆಲಸ ಒಪ್ಪಿಸಿದ್ದರು. ಒಂದು ತಿಂಗಳಿನಿಂದ ಅವಳು ಮುಂಬಾಗಿಲಿನ ಮೆಟ್ಟಿಲು ತಿಕ್ಕಿಸಿ, ಎರಡೂ ಬದಿಗೆ ಹೂಕುಂಡ ಇಡಿಸಿ, ದೀಪ ಎಲ್ಲಿ, ಹಾಡುವ ಹುಡುಗಿಯರು ಎಲ್ಲಿ ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿಟ್ಟಿದ್ದಳು. ಈಗ ಆ ಗುರುತುಗಳ ಮೇಲೆ ಸತ್ತ ಹುಳಗಳು ಬಿದ್ದಿದ್ದವು.

ಟ್ರಸ್ಟಿ ಬೇಬಿಚ್ಚನ್ ತಾನೇ ನೋಡಿಕೊಳ್ಳುತ್ತೇನೆಂದ. ಬೇಡವೆಂದು ಸಾರಮ್ಮ ಎರಡು ಸಲ ಹೇಳಿದ್ದಳು. ಬುಧವಾರ ಮಧ್ಯಾಹ್ನ ಅವನು ಉದ್ದದ ಕೋಲಿನ ತುದಿಗೆ ಒಣಗಿದ ತೆಂಗಿನ ಗರಿ ಕಟ್ಟಿ, ಬೆಂಕಿ ಹಚ್ಚಿ ಕಮಾನಿಗೆ ಹಿಡಿದ. ಹುಳಗಳು ಎದ್ದವು. ಬೇಬಿಚ್ಚನ್ ಕೋಲು ಎಸೆದು ಗುಡ್ಡ ಇಳಿದು ಓಡಿದ. ಕುತ್ತಿಗೆಗೆ, ಕಿವಿಗೆ, ಬಲಗಣ್ಣಿನ ರೆಪ್ಪೆಗೆ ಕಚ್ಚಿಸಿಕೊಂಡು ಉಪ್ಪಿನಂಗಡಿಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳಬೇಕಾಯಿತು. ಸಂಜೆಗೆ ಹುಳಗಳೆಲ್ಲ ಮರಳಿ ಅದೇ ಜಾಗದಲ್ಲಿ ಕೂತಿದ್ದವು. ಬಿಳಿ ಕಮಾನಿನ ಮೇಲೆ ಹೊಸತಾಗಿ ಒಂದು ಮಸಿಯ ಕಲೆ ಮಾತ್ರ ಉಳಿಯಿತು.

ಗುರುವಾರ ಸಾರಮ್ಮ ಕುಕ್ಕಪ್ಪನನ್ನು ಕರೆಸಿದಳು. ಸುತ್ತಲಿನ ಊರುಗಳಲ್ಲಿ ಹೆಜ್ಜೇನು ತೆಗೆಯುವುದಕ್ಕೆ ಅವನನ್ನೇ ಕರೆಯುವುದು. ಅವನು ಅಂಗಳದ ಆಚೆ ತುದಿಯಲ್ಲಿ ನಿಂತು ಮೇಲೆ ನೋಡಿದ.

"ರಬ್ಬರ್ ಚಿಗುರಿದ ಮೇಲೆ ಇವು ಬರುದೇ ಟೀಚರೆ. ಆದರೆ ಈಗ ಆಗುದಿಲ್ಲ. ಇವತ್ತು ಹುಣ್ಣಿಮೆ."

"ಹುಣ್ಣಿಮೆಯಾದರೆ ಎಂತ?"

"ಕತ್ತಲೆಯಲ್ಲಾದರೆ ಕಿಡಿ ಉದುರಿಸಿದ ಕೂಡಲೇ ಅವು ಕಿಡಿಯ ಹಿಂದೆ ಕೆಳಗೆ ಇಳೀತವೆ. ಬೆಳದಿಂಗಳಿದ್ದರೆ ಸೀದಾ ನಮ್ಮ ಮೇಲೆ. ಅಮಾವಾಸ್ಯೆಗೆ ಬರ್ತೇನೆ."

"ಅಮಾವಾಸ್ಯೆಗೆ ಬಂದು ಎಂತ ಮಾಡುದು ಕುಕ್ಕಪ್ಪ? ಹಬ್ಬ ಇರುದು ಬರುವ ಭಾನುವಾರ."

"ಹಬ್ಬವನ್ನು ಎರಡು ವಾರ ಆಚೆಗೆ ಹಾಕ್ಲಿಕ್ಕೆ ಆಗ್ತದಾ ಕೇಳಿ ನೋಡಿ," ಎಂದು ಕುಕ್ಕಪ್ಪ ಗಂಭೀರವಾಗಿಯೇ ಹೇಳಿದ.

ಈಸ್ಟರ್ ಯಾವಾಗಲೂ ಹುಣ್ಣಿಮೆಯ ಬೆನ್ನಿಗೇ ಬರುತ್ತದೆಂದು ಸಾರಮ್ಮ ಚರ್ಚಿನ ಭಾನುವಾರದ ತರಗತಿಯಲ್ಲಿ ಮಕ್ಕಳಿಗೆ ಎಷ್ಟೋ ವರ್ಷ ಪಾಠ ಹೇಳಿದ್ದಳು. ಆ ಲೆಕ್ಕಾಚಾರದ ಮೇಲೆ ಅವಳಿಗೆ ಕೋಪ ಬಂದದ್ದು ಅವತ್ತೇ ಮೊದಲು.

ಸಂಜೆ ಪಾದ ತೊಳೆಯುವ ವಿಧಿ ಮುಗಿದ ಮೇಲೆ ಫಾದರ್ ಕೋಣೆಯಲ್ಲಿ ಮಾತುಕತೆಯಾಯಿತು. ದಕ್ಷಿಣದ ಗೋಡೆಗೆ ಬಾಗಿಲೇ ಇಲ್ಲ, ಹೊರಗೆ ಗುಡ್ಡ ಕಡಿದ ಎತ್ತರದ ಧರೆ. ಉಳಿದದ್ದು ಉತ್ತರದ ಬಾಗಿಲು ಒಂದೇ ಎಂದಳು ಸಾರಮ್ಮ.

ಬೇಬಿಚ್ಚನ್ ಊದಿದ ಕಣ್ಣನ್ನು ಕರವಸ್ತ್ರದಿಂದ ಒತ್ತಿಕೊಂಡ. "ಅದು ಹೆಣ ಹೊರಗೆ ತೆಗೆಯುವ ಬಾಗಿಲು ಚೇಚಿ. ಸ್ಮಶಾನದ ನಡುವೆ ಬಂದವರನ್ನು ಕರಕೊಂಡು ಬರುದಾ? ನಾಳೆ ಅವರು ಊರಿಗೆ ಹೋಗಿ ಎಂತ ಹೇಳಿಯಾರು?"

"ಹೆಜ್ಜೇನು ಕಚ್ಚಿಸಿದರು ಅಂತ ಹೇಳುದಕ್ಕಿಂತ ಅದು ಒಳ್ಳೆಯದಲ್ವಾ?"

"ಮತ್ತೆ ಚೆಂಡೆಯವರು? ಗರ್ನಾಲು ಪಟಾಕಿಗೂ ಹೇಳಿ ಆಗಿದೆ."

"ಹುಳದ ಕೆಳಗೆ ಗರ್ನಾಲು ಒಡೆಸುದಾ ಬೇಬಿಚ್ಚಾ? ನಿನಗೆ ಒಂದು ಕಣ್ಣು ಸಾಕಾಗಲಿಲ್ವಾ?"

ಅವಳು ಫಾದರ್ ಮುಖ ನೋಡಿದಳು. ಒಂದು ಮಾತು ಅವರು ಖಂಡಿತವಾಗಿ ಹೇಳಿದ್ದರೆ ಸಾಕಿತ್ತು. ಅವರು ಶುಭ ಶುಕ್ರವಾರದ ಪ್ರಸಂಗದ ಹಾಳೆಗಳನ್ನು ಜೋಡಿಸುತ್ತ, "ನೀವಿಬ್ಬರೂ ಕೂತು ಏನಾದರೂ ಒಂದು ಮಾಡಿ," ಎಂದರು. ಇಬ್ಬರೂ ಕೂತರು. ಚೆಂಡೆ, ಗರ್ನಾಲು ಎರಡೂ ಬೇಡವೆಂದು ಬೇಬಿಚ್ಚನ್ ಒಪ್ಪುವಷ್ಟರಲ್ಲಿ ಸಾರಮ್ಮನ ಗಂಟಲು ಒಣಗಿತ್ತು. ಒಪ್ಪಿದ ಮೇಲೂ ಅವನು, ಇದರ ಹೊಣೆ ತನ್ನದಲ್ಲ ಎಂದು ಮೂರು ಸಲ ಹೇಳಿಯೇ ಎದ್ದ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಬನ್ನಿ ಎಂದು ಸಾರಮ್ಮ ಮಹಿಳೆಯರ ವಾಟ್ಸಾಪ್ ಗುಂಪಿಗೆ ಬರೆದಿದ್ದಳು. ಹದಿನೆಂಟು ಮಂದಿ ಹೆಬ್ಬೆರಳು ಎತ್ತಿದ್ದರು. ಬಂದದ್ದು ಇಬ್ಬರು. ಅವರಲ್ಲಿ ಒಬ್ಬಳು, ಮನೆಗೆ ಮಾಂಸ ಬಂತಂತೆ ಎಂದು ಹತ್ತು ಗಂಟೆಗೇ ಹೊರಟುಹೋದಳು. ಇನ್ನೊಬ್ಬಳಿಗೆ ಬೆನ್ನುನೋವು, ಕೂತು ಹೂ ಕಟ್ಟಬಲ್ಲಳು, ಅಷ್ಟೆ.

ಬಾಗಿಲಿನ ಚಿಲಕ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟು, ಕಲ್ಲಿನಿಂದ ಕುಟ್ಟಿ ತೆಗೆಯುವಾಗ ಸಾರಮ್ಮನ ಹೆಬ್ಬೆರಳಿನ ಉಗುರು ಸಿಗಿಯಿತು. ಹೊರಗಿನ ದಾರಿಯಲ್ಲಿ ಸೊಂಟದೆತ್ತರ ಕಳೆ, ಕೆಳಗೆ ನಾಚಿಕೆಮುಳ್ಳು. ಹುಲ್ಲು ಕತ್ತರಿಸುವ ಮೆಷಿನು ತರುತ್ತೇನೆಂದವನು ಫೋನೇ ಎತ್ತಲಿಲ್ಲ. ಕೊನೆಗೆ ಅವಳೇ ಕತ್ತಿ ಹಿಡಿದಳು. ಅರವತ್ತೊಂದರ ವಯಸ್ಸಿನಲ್ಲಿ, ಈಸ್ಟರಿನ ಹಿಂದಿನ ದಿನ, ಮನೆಯಲ್ಲಿ ಅಪ್ಪಕ್ಕೆ ಅಕ್ಕಿ ಕೂಡ ನೆನೆಹಾಕದೆ, ನೆತ್ತಿ ಸುಡುವ ಬಿಸಿಲಿನಲ್ಲಿ ಅವಳು ಸ್ಮಶಾನದ ಕಳೆ ಸವರಿದಳು. ಯಾರಿಗೆ ಬೈಯಬೇಕೆಂದು ತಿಳಿಯದೆ ಎಲ್ಲರಿಗೂ ಸಾಲಾಗಿ ಮನಸ್ಸಿನಲ್ಲೇ ಬೈದಳು.

ಕಳೆ ಹೋದ ಮೇಲೆ ದಾರಿಯ ಅಂಚಿನಲ್ಲೇ ಏಳು ಗೋರಿಗಳು ಕಂಡವು. ಗೋರಿಯೆಂದರೆ ತಲೆಯ ಕಡೆಗೆ ನೆಟ್ಟ ಒಂದೊಂದು ಕೆಂಪು ಮುರಕಲ್ಲು, ಹೆಸರಿಲ್ಲ, ಶಿಲುಬೆಯಿಲ್ಲ. ಬಂದ ಮೊದಲ ವರ್ಷಗಳಲ್ಲಿ ಮಲೇರಿಯಾ ಜ್ವರದಿಂದ ಸತ್ತವರದ್ದೆಂದು ಅವಳ ಅಪ್ಪ ಹೇಳುತ್ತಿದ್ದ. ಕಲ್ಲುಗಳು ಪಾಚಿಗಟ್ಟಿ ಕೊಳಕಾಗಿದ್ದವು. ಬಂದವರ ಕಣ್ಣಿಗೆ ಅಸಹ್ಯವಾಗಬಾರದೆಂದು ಅವಳು ಹಬ್ಬಕ್ಕೆ ಗೋಡೆಗೆ ಬಳಿದು ಉಳಿದ ಸುಣ್ಣವನ್ನು ಕಲಸಿ ಅವುಗಳಿಗೆ ಬಳಿದಳು. ಆಮೇಲೆ ಬಾಗಿಲಿಗೆ ಚೆಂಡುಹೂವಿನ ಮಾಲೆ, ಸೇವಂತಿಗೆಯ ಕಮಾನು. ಅದಕ್ಕೇ ಎರಡು ಗಂಟೆ ಹಿಡಿಯಿತು. ಮುಗಿದಾಗ ಬಾಗಿಲು ನಿಜಕ್ಕೂ ಚೆಂದ ಕಂಡಿತು. ವಾರದಲ್ಲಿ ತನ್ನ ಕೈಗೆ ಸರಿಯಾಗಿ ಕೂಡಿಬಂದದ್ದು ಅದೊಂದೇ ಎಂದುಕೊಂಡು ಮನೆಗೆ ಹೋದಳು.

ಭಾನುವಾರ ಬಸ್ಸು ಎಂಟು ಗಂಟೆಗೆ ಬರಬೇಕಿತ್ತು. ಹೆದ್ದಾರಿ ಕೆಲಸದಲ್ಲಿ ಸಿಕ್ಕಿಕೊಂಡು ಮುಟ್ಟುವಾಗ ಒಂಬತ್ತು ಮುಕ್ಕಾಲು. ಅಷ್ಟರಲ್ಲಿ ಹಾಡುವ ಹುಡುಗಿಯರು ಎರಡು ಸಲ ನೀರು ಕುಡಿಯಲು ಹೋಗಿ ಚದುರಿದ್ದರು, ದೀಪ ಗಾಳಿಗೆ ಆರಿತ್ತು. ಸಾರಮ್ಮ ಎಲ್ಲರನ್ನೂ ಮತ್ತೆ ಸಾಲಿಗೆ ತಂದಳು. ಬಂದವರು ಇಳಿದು ಸ್ಮಶಾನದ ದಾರಿ ಹಿಡಿದರು. ಹುಡುಗಿಯರು ಹಾಡು ಶುರುಮಾಡಿದರು. ಮೊದಲ ಚರಣವೂ ಮುಗಿದಿರಲಿಲ್ಲ, ಮುಂದೆ ಬರುತ್ತಿದ್ದವರು ಬಾಗಿಲಿನ ಕಡೆ ಬರುವ ಬದಲು ಬಿಳಿ ಕಲ್ಲುಗಳ ಹತ್ತಿರ ನಿಂತುಬಿಟ್ಟರು.

ಎಂಬತ್ತರ ಆಸುಪಾಸಿನ ಒಬ್ಬ ಅಜ್ಜಿ, ಮೊಮ್ಮಗನ ತೋಳು ಹಿಡಿದು ಬಗ್ಗಿ ಕಲ್ಲು ನೋಡುತ್ತಿದ್ದರು. ಸಾರಮ್ಮ ಹತ್ತಿರ ಹೋದಳು. "ಬನ್ನಿ ಅಮ್ಮಚ್ಚಿ, ಪೂಜೆಗೆ ಹೊತ್ತಾಯಿತು."

"ನನ್ನ ಅಕ್ಕ ಯಾವುದರಲ್ಲಿ?" ಎಂದು ಅಜ್ಜಿ ಮಲಯಾಳದಲ್ಲಿ ಕೇಳಿದರು. "ಏಲಿಕುಟ್ಟಿ. ಮದುವೆಯಾಗಿ ಇಲ್ಲಿಗೆ ಬಂದವಳು. ವರ್ಷ ತುಂಬುವ ಮೊದಲೇ ಜ್ವರದಲ್ಲಿ ಹೋದಳು ಅಂತ ಕಾಗದ ಬಂದಿತ್ತು. ನಾನಾಗ ಹತ್ತು ವರ್ಷದವಳು."

"ಗೊತ್ತಿಲ್ಲ ಅಮ್ಮಚ್ಚಿ. ಈ ಏಳರಲ್ಲಿ ಒಂದು."

"ಹೆಸರು ಬರೆದಿಡಲಿಲ್ಲವಾ? ಎಪ್ಪತ್ತು ವರ್ಷದಲ್ಲಿ ಒಬ್ಬರಿಗೂ ಪುರುಸೊತ್ತಾಗಲಿಲ್ಲವಾ?"

ಸಾರಮ್ಮನಿಗೆ ಥಟ್ಟನೆ ಉತ್ತರ ಬಂತು: ನಿನ್ನೆ ಇಡೀ ದಿನ ಇಲ್ಲಿ ದುಡಿದವಳು ನಾನೊಬ್ಬಳೇ, ನನ್ನನ್ನೇ ಕೇಳುತ್ತೀರಾ? ಅದನ್ನು ನುಂಗಿಕೊಂಡಳು. ಬರೆದಿಡಲಿಲ್ಲವೆಂಬುದು ನಿಜವಾಗಿತ್ತು. ಸುಣ್ಣ ಬಳಿಯುವಾಗಲೂ, ಇವರು ಯಾರೆಂದು ಅವಳು ಯೋಚಿಸಿರಲಿಲ್ಲ.

ಅಜ್ಜಿ ಸುತ್ತ ನೋಡಿದರು. ನೇರ ಬಾಗಿಲಿನ ಹತ್ತಿರ ಹೋಗಿ ಸೇವಂತಿಗೆಯ ಕಮಾನಿಗೆ ಕೈ ಹಾಕಿ ಒಂದು ಹಿಡಿ ಹೂ ಕಿತ್ತರು. ಹಿಂದೆಯೇ ಇನ್ನೊಬ್ಬರು, ಮತ್ತೊಬ್ಬರು. ಏಳರಲ್ಲಿ ಯಾವುದು ಯಾರದೆಂದು ತಿಳಿಯದೆ ಎಲ್ಲದಕ್ಕೂ ಇಡತೊಡಗಿದರು. ಎರಡು ಗಂಟೆಯ ಕೆಲಸ ಕಣ್ಣೆದುರೇ ಬರಿಯ ದಾರವಾಗುವುದನ್ನು ಸಾರಮ್ಮ ನಿಂತು ನೋಡಿದಳು. ಕೊನೆಗೆ ಅಜ್ಜಿಯ ಕೈಗೆಟುಕದ ಮೇಲಿನ ಮಾಲೆಯನ್ನು ತಾನೇ ಎಳೆದು ಬಿಡಿಸಿ ಕೊಟ್ಟಳು.

"ಇದೆಂತ ಚೇಚಿ, ಬಾಗಿಲು ಬೋಳು?" ಎಂದು ಬೇಬಿಚ್ಚನ್ ಓಡಿಬಂದ.

ಪೂಜೆ ಶುರುವಾದದ್ದು ಹತ್ತೂವರೆಗೆ. ಮುಗಿಯುವಾಗ ಬಂದವರಿಗೆಂದು ಮಾಡಿದ ಅಪ್ಪ ತಣ್ಣಗಾಗಿ ಚರ್ಮದಂತೆ ಆಗಿತ್ತು, ಸ್ಟ್ಯೂ ಸಾಲಲಿಲ್ಲ. ಜನ ಊಟದ ಗದ್ದಲದಲ್ಲಿರುವಾಗ ಸಾರಮ್ಮ ಫಾದರ್ ಕೋಣೆಯ ಕಪಾಟಿನಿಂದ ಹಳೆಯ ಮರಣದ ಪುಸ್ತಕ ತೆಗೆದಳು. ಗೆದ್ದಲು ಅರ್ಧ ತಿಂದಿತ್ತು. ಮೂರನೆಯ ಹಾಳೆಯಲ್ಲಿ ಸಿಕ್ಕಿತು. ಅಜ್ಜಿಯನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿ ಓದಿದಳು: "ಏಲಿಕುಟ್ಟಿ, ಪ್ರಾಯ ಹತ್ತೊಂಬತ್ತು, ಜ್ವರ."

"ಜಾಗ?"

"ಬರೆದಿಲ್ಲ ಅಮ್ಮಚ್ಚಿ."

"ಹತ್ತೊಂಬತ್ತಲ್ಲ, ಹದಿನೇಳು," ಎಂದರು ಅಜ್ಜಿ. "ಅದೂ ತಪ್ಪು."

ಆ ಪುಸ್ತಕದಲ್ಲಿ ಫಾದರ್ ಬಿಟ್ಟು ಬೇರೆ ಯಾರೂ ಬರೆಯುವ ಹಾಗಿಲ್ಲ. ಸಾರಮ್ಮ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು, ಹತ್ತೊಂಬತ್ತನ್ನು ಹೊಡೆದುಹಾಕಿ, ಅದರ ಮೇಲೆ ಹದಿನೇಳು ಎಂದು ದೊಡ್ಡದಾಗಿ ಬರೆದಳು.